ಹಾರ್ಲೆಮ್ಮಿನ ಪ್ರೌಢಶಾಲೆಯೂ ಅದರ ವಿದ್ಯಾರ್ಥಿವರ್ಗವೂ

ವಿದ್ಯಾಶಾಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಥಾಪಕರ ಔದಾರ್ಯವನ್ನೂ, ಕಟ್ಟಡದ ಭವ್ಯತೆಯನ್ನೂ, ಅಲ್ಲಿ ಓದಿ ಹೊರಬಂದ ಹತ್ತೆಂಟು ಮಂದಿ ಕೀರ್ತಿಶಾಲಿಗಳ ಹೆಸರುಗಳನ್ನೂ ಹೇಳಿ ಲೇಖನಿಯನ್ನು ಕೆಳಗಿಡುವರು. ಆ ಶಾಲೆಯ ಹಾಜರಿ ಪಟ್ಟಿಯಲ್ಲಿ ಎಷ್ಟು ಹೆಸರುಗಳಿದ್ದುವು, ಅವರು ಎಂತಹ ಮನೆಗಳಿಂದ ಬಂದವರು, ಎಷ್ಟು ವಯಸ್ಸಿನವರು, ಅಲ್ಲಿಗೆ ಬರುವ ಮೊದಲು ಎಲ್ಲಿದ್ದರು ಎಂದು ವಿಚಾರಿಸುವವರು ವಿರಳ. ಆದರೆ ಒಂದು ಊರು ತನ್ನ ಮಕ್ಕಳಲ್ಲಿ ಯಾರನ್ನು ಎಣಿಸಿತು, ಯಾರನ್ನು ಎಣಿಕೆಯಿಂದ ಬಿಟ್ಟಿತು ಎಂಬ ಸಂಗತಿಯು ಈ ಶುಷ್ಕವಾದ ಪ್ರಶ್ನೆಗಳಿಂದಲೇ ಹೊರಬೀಳುವುದು. ಅಮೆರಿಕದ ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಭಾಗದಲ್ಲಿ 1967ರಲ್ಲಿ ಹುಟ್ಟಿ, ಏಳು ವರ್ಷ ತನ್ನ ಸ್ವಂತ ಬಲದಿಂದ ನಡೆದು, ಆಮೇಲೆ ಸರ್ಕಾರದ ಶಾಲೆಗಳಲ್ಲಿ ಸೇರಿ ಕ್ರಮೇಣ ಇಲ್ಲದಂತಾದ ಒಂದು ಪ್ರೌಢಶಾಲೆಯ ವೃತ್ತಾಂತವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡಲು ಯತ್ನಿಸುವೆನು. ಅದರ ಪೂರ್ಣ ನಾಮಧೇಯ ಹಾರ್ಲೆಮ್ ಪ್ರಿಪರೇಟರಿ ಸ್ಕೂಲ್. ಜನರ ಬಾಯಲ್ಲಿ ಹಾರ್ಲೆಮ್ ಪ್ರೆಪ್.

ಮೊದಲು ಆ ಊರಿನ ಮಾತು. ಮ್ಯಾನ್ಹಟನ್ ದ್ವೀಪದ ಉತ್ತರಭಾಗದಲ್ಲಿರುವ ಹಾರ್ಲೆಮ್ ಮೊದಲಿನಿಂದಲೂ ಕಪ್ಪು ಜನರ ಊರಾಗಿರಲಿಲ್ಲ. 1904ರಲ್ಲಿ ನೆಲದಡಿಯ ರೈಲು ಬರುವುದೆಂಬ ಆಸೆಯಿಂದ ಬಂಡವಾಳಗಾರರು ಅಲ್ಲಿ ಬೇಕಾದುದಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿಸಿದರು. ಬಾಡಿಗೆಗೆ ಬರುವ ಬಿಳಿಯರು ಸಾಲದೆ ಹೋದರು. ಖಾಲಿಬಿದ್ದ ಮನೆಗಳಿಗೆ ಆಫ್ರಿಕಮೂಲದ ಕುಟುಂಬಗಳು, ಇತರರು ಕೊಡುವುದಕ್ಕಿಂತ ಹೆಚ್ಚಿನ ಬಾಡಿಗೆಯನ್ನು ತೆತ್ತು, ಬಂದು ಸೇರಿದುವು. ದಕ್ಷಿಣದ ರಾಜ್ಯಗಳ ಹತ್ತಿಹೊಲಗಳನ್ನೂ ಅಲ್ಲಿಯ ಕ್ರೂರವಾದ ಕಟ್ಟಳೆಗಳನ್ನೂ ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೊರಟುಬಂದ ಕಪ್ಪು ಜನರ ಸಂಖ್ಯೆ 1910ರಿಂದ 1970ರವರೆಗೆ ಸುಮಾರು 60 ಲಕ್ಷವೆಂದು ಇತಿಹಾಸಕಾರರು ಲೆಕ್ಕ ಹಾಕಿರುವರು. ಆ ಪ್ರವಾಹದ ಒಂದು ದೊಡ್ಡ ಮಡು ಹಾರ್ಲೆಮ್. 1960ರ ಸುಮಾರಿಗೆ ನಡುಹಾರ್ಲೆಮ್ಮೊಂದರಲ್ಲಿಯೇ ಎರಡು ಲಕ್ಷಕ್ಕೂ ಮಿಕ್ಕ ಜನ ವಾಸವಾಗಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನರು. ಪೂರ್ವ ಹಾರ್ಲೆಮ್ಮಿನಲ್ಲಿ ಪೋರ್ಟೊರಿಕೊ ದ್ವೀಪದಿಂದ ಬಂದ ಸ್ಪ್ಯಾನಿಷ್ ಮಾತಿನವರು ನೆಲೆಸಿದ್ದರು.

ಇಷ್ಟು ಜನರಿರುವ ಊರಿನಲ್ಲಿ ಹೈಸ್ಕೂಲುಗಳು ಎಷ್ಟಿದ್ದುವು? ವಾಚಕರು ಆಶ್ಚರ್ಯಪಡಬಹುದು. ನೂರಹದಿನಾಲ್ಕನೆಯ ಬೀದಿಯಲ್ಲಿ 1902ರಲ್ಲಿ ತೆರೆದ ವ್ಯಾಡ್ಲಿ ಎಂಬ ಬಾಲಿಕೆಯರ ಹೈಸ್ಕೂಲಿನ ಭವ್ಯವಾದ ಕಟ್ಟಡವೊಂದಿದ್ದಿತು. 1950ರ ದಶಕದಲ್ಲಿ ಅದು ಹೈಸ್ಕೂಲೆಂಬ ಪದವಿಯನ್ನು ಕಳೆದುಕೊಂಡು ಕೆಳತರಗತಿಗಳ ಶಾಲೆಯಾಯಿತು. ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ಇದ್ದುದು ಪೂರ್ವ ಹಾರ್ಲೆಮ್ಮಿನ ನದಿಯ ದಡದಲ್ಲಿ. ಪಶ್ಚಿಮದ ಗುಡ್ಡದ ಮೇಲೆ ಸಂಗೀತ ಮತ್ತು ಚಿತ್ರಕಲೆಗಳ ಹೈಸ್ಕೂಲೊಂದು ಇದ್ದಿತು, ನಿಜ. ಆದರೆ ಅದು ಇಡೀ ನಗರದಿಂದ ಪರೀಕ್ಷಿಸಿ ಆರಿಸಿದ ಮಕ್ಕಳಿಗಾಗಿ ಇದ್ದುದು, ಕೆಳಗಿನ ಕೇರಿಯ ಮಕ್ಕಳಿಗಾಗಿ ಅಲ್ಲ. ಅದರ ಮಗ್ಗುಲಲ್ಲಿಯೇ 1847ರಲ್ಲಿ ಸ್ಥಾಪಿತವಾದ, ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ಉನ್ನತವಿದ್ಯೆಯನ್ನು ಕೊಡುವುದೆಂದು ಖ್ಯಾತಿವೆತ್ತ ಸಿಟಿ ಕಾಲೇಜು. ಹಾರ್ಲೆಮ್ಮಿನ ಬಯಲಿನಲ್ಲಿ ನಿಂತು ತಲೆಯೆತ್ತಿದರೆ ಆ ಕಾಲೇಜಿನ ಗೋಪುರಗಳು ಕಾಣುತ್ತಿದ್ದುವು. ಕಾಲುನಡಿಗೆಯಲ್ಲಿ ಕಾಲು ಗಂಟೆಯ ದಾರಿ. ಆದರೂ ಕೆಳಗಿನ ಮಕ್ಕಳಲ್ಲಿ ಆ ಗುಡ್ಡವನ್ನು ವಿದ್ಯಾರ್ಥಿಗಳಾಗಿ ಹತ್ತಿದವರು ಬಹಳ ಸ್ವಲ್ಪ. ಹೊಳೆಯ ದಂಡೆಯಲ್ಲಿದ್ದೂ ಬಾಯಾರಿಕೆ ತಪ್ಪದೆಂದರೆ ಇದೇ. ನಡುಹಾರ್ಲೆಮ್ಮಿನ ಹುಡುಗನೋ ಹುಡುಗಿಯೋ ಹೈಸ್ಕೂಲಿಗೆ ಹೋಗಬೇಕಾದರೆ ರೈಲನ್ನೇರಿ ದೂರದ ಕೇರಿಗಳಿಗೆ ಹೋಗಬೇಕಾಗಿದ್ದಿತು.

ಹೋದವರ ಸ್ಥಿತಿಯಾದರೂ ಹೇಗಿದ್ದಿತೆಂಬುದನ್ನು ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕರು 1964ರಲ್ಲಿ ಸಿದ್ಧಪಡಿಸಿದ ವರದಿಯಿಂದ ತಿಳಿಯಬಹುದು. ಇವರೂ ಇವರ ಪತ್ನಿ ಮೇಮೀ ಕ್ಲಾರ್ಕರೂ ಬಣ್ಣಬಣ್ಣದ ಗೊಂಬೆಗಳನ್ನು ಮಕ್ಕಳ ಮುಂದಿಟ್ಟು ನಡೆಸಿದ ಪರೀಕ್ಷೆಗಳು 1954ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ವರ್ಣಭೇದದ ಶಾಲೆಗಳನ್ನು ಅಕ್ರಮವೆಂದು ತೀರ್ಪಿತ್ತಾಗ ಉಲ್ಲೇಖಿತವಾದುವು. ಹಾರ್ಲೆಮ್ಮಿನ ಶಾಲೆಗಳಲ್ಲಿ ಮೂರನೆಯ ತರಗತಿಯಲ್ಲಿ ನೂರಕ್ಕೆ ಸುಮಾರು 30 ಮಕ್ಕಳು ಓದುವುದರಲ್ಲಿ ತಮ್ಮ ತರಗತಿಯ ಮಟ್ಟಕ್ಕಿಂತ ಕೆಳಗಿದ್ದರೆಂದೂ, ಆರನೆಯ ತರಗತಿಗೆ ಬರುವಷ್ಟರಲ್ಲಿ ಆ ಸಂಖ್ಯೆ 80ನ್ನು ಮೀರುತ್ತಿತ್ತೆಂದೂ ಅವರು ತೋರಿಸಿದರು. ಈ ಎರಡು ಅಂಕೆಗಳನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿರಿ. ಮಕ್ಕಳೇ ಮಂದಮತಿಗಳಾಗಿದ್ದರೆ ಮೊದಲಿನಿಂದಲೂ ಹಿಂದುಳಿಯಬೇಕಾಗಿದ್ದಿತು. ಹಾಗಿಲ್ಲದೆ ಶಾಲೆಯಲ್ಲಿ ಕಳೆದ ಒಂದೊಂದು ವರ್ಷವೂ ಅವರನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತೆಂದ ಮೇಲೆ ರೋಗವು ರೋಗಿಯಲ್ಲಿದ್ದಿತೋ ವೈದ್ಯನಲ್ಲಿದ್ದಿತೋ ಎಂದು ಕೇಳುವುದು ಅನ್ಯಾಯವಾಗದು. ಮುಂದೆ ಹೈಸ್ಕೂಲನ್ನು ಮುಗಿಸಿದವರಲ್ಲಿಯೂ ಅನೇಕರಿಗೆ ದೊರೆಯುತ್ತಿದ್ದುದು ಸಾಮಾನ್ಯ ಪ್ರಮಾಣಪತ್ರವೆಂಬ ಒಂದು ಕಾಗದ. ಕಾಲೇಜುಗಳು ಅದನ್ನು ಗಣನೆಗೆ ತರುತ್ತಿರಲಿಲ್ಲ. ಕಾಲೇಜಿನ ಬಾಗಿಲನ್ನು ತೆರೆಯುವ ಪ್ರಮಾಣಪತ್ರವೇ ಬೇರೆ. ನಾಲ್ಕು ವರ್ಷ ಓದಿ ಕೈಗೆ ಬಂದ ಬೀಗದ ಕೈ ಯಾವ ಬೀಗಕ್ಕೂ ಹೊಂದದು.

ಮಧ್ಯದಲ್ಲಿ ಶಾಲೆಯನ್ನು ತೊರೆದವರನ್ನು ಅಲ್ಲಿಯ ಅಧಿಕಾರಿಗಳು ಡ್ರಾಪ್‌ಔಟ್, ಎಂದರೆ ಶಾಲೆ ಬಿಟ್ಟವರು, ಎಂದು ಬರೆದುಕೊಳ್ಳುತ್ತಿದ್ದರು. ಹಾರ್ಲೆಮ್ಮಿನ ತಾಯ್ತಂದೆಗಳು ಈ ಮಾತನ್ನು ಒಪ್ಪಲಿಲ್ಲ. ಅವರು ಬಿಟ್ಟವರಲ್ಲ, ಬಿಡಿಸಲ್ಪಟ್ಟವರು ಎಂದರು. ನಮ್ಮ ಭಾಷೆಯಲ್ಲಿ ಒಂದು ಪ್ರತ್ಯಯದ ವ್ಯತ್ಯಾಸ. ಆದರೆ ಹೊಣೆ ಯಾರದೆಂಬ ವ್ಯಾಜ್ಯವೆಲ್ಲವೂ ಆ ಪ್ರತ್ಯಯದಲ್ಲಿ ಅಡಗಿದೆ. 1964ರ ಫೆಬ್ರವರಿ 3ರಂದು ನ್ಯೂಯಾರ್ಕಿನ ಶಾಲೆಗಳಲ್ಲಿದ್ದ ವರ್ಣಭೇದವನ್ನು ಪ್ರತಿಭಟಿಸಿ, ಪಾದ್ರಿ ಮಿಲ್ಟನ್ ಗ್ಯಾಲಮಿಸನ್ ಮತ್ತು ಬೇಯರ್ಡ್ ರಸ್ಟಿನ್ ಇವರ ಮುಂದಾಳುತನದಲ್ಲಿ, ನಾಲ್ಕೂವರೆ ಲಕ್ಷಕ್ಕೂ ಮಿಕ್ಕ ಮಕ್ಕಳು ಒಂದು ದಿನ ಪಾಠಶಾಲೆಗಳಿಗೆ ಹೋಗದೆ ನಿಂತರು. ನಗರದ ಶಾಲೆಗಳಲ್ಲಿದ್ದ ಒಟ್ಟು ಮಕ್ಕಳು ಹತ್ತು ಲಕ್ಷದಷ್ಟು. ಹೆಚ್ಚುಕಡಮೆ ಅರ್ಧದಷ್ಟು ಬೆಂಚುಗಳು ಅಂದು ಬರಿದಾಗಿದ್ದುವು. ಗೈರುಹಾಜರಿಯೇ ಒಂದು ಭಾಷಣವಾದ ದಿನ ಅದು. ಅದೇ ವರ್ಷದ ಜುಲೈಯಲ್ಲಿ ಹದಿನೈದು ವರ್ಷದ ಜೇಮ್ಸ್ ಪವೆಲ್ ಎಂಬ ಬಾಲಕನನ್ನು ಪೊಲೀಸ್ ಅಧಿಕಾರಿಯೊಬ್ಬನು ಗುಂಡಿಕ್ಕಿ ಕೊಂದುದರಿಂದ ಹಾರ್ಲೆಮ್ಮಿನಲ್ಲಿ ದೊಂಬಿಯೆದ್ದಿತು. 1966ರಲ್ಲಿ ಪೂರ್ವ ಹಾರ್ಲೆಮ್ಮಿನಲ್ಲಿ ಕಿಟಕಿಗಳೇ ಇಲ್ಲದ ಹೊಸ ಶಾಲೆಯೊಂದನ್ನು ಕಟ್ಟಿಸಿ, ಇಲ್ಲಿ ಎಲ್ಲ ಬಣ್ಣದ ಮಕ್ಕಳೂ ಕೂಡಿ ಓದುವರೆಂದು ಕೊಟ್ಟ ಮಾತನ್ನು ಸಲ್ಲಿಸದೆ ಹೋದಾಗ, ಹಾಗಾದರೆ ಶಾಲೆಯ ಆಡಳಿತವನ್ನಾದರೂ ನಮ್ಮ ಕೈಗೆ ಕೊಡಿರಿ ಎಂದು ಕೇರಿಯವರು ಹಟ ಹಿಡಿದರು.

ಇಂತಹ ಕಾಲದಲ್ಲಿ ಅರ್ಬನ್ ಲೀಗ್ ಎಂಬ ಸಂಘದ ನ್ಯೂಯಾರ್ಕ್ ಶಾಖೆಯವರು, ಯೂಜೀನ್ ಕ್ಯಾಲೆಂಡರ್ ಎಂಬ ಪಾದ್ರಿಗಳು ಅದರ ಕಾರ್ಯನಿರ್ವಾಹಕರಾಗಿದ್ದಾಗ, ಬೀದಿಯ ಪಾಠಶಾಲೆಗಳನ್ನು ತೆರೆದರು. ಖಾಲಿಬಿದ್ದ ಅಂಗಡಿಯ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು, ಒಬ್ಬಿಬ್ಬರು ಉಪಾಧ್ಯಾಯರನ್ನೂ ಅದೇ ಬೀದಿಗಳಲ್ಲಿ ಓಡಾಡಿ ಹುಡುಗರ ಪರಿಚಯ ಮಾಡಿಕೊಳ್ಳುವ ಕಾರ್ಯಕರ್ತರನ್ನೂ ಇಟ್ಟು ಕೆಲಸಕ್ಕೆ ಮೊದಲಿಟ್ಟರು. ಜಗುಲಿಯ ಮೇಲೆ ಕುಳಿತ ಹುಡುಗನೊಡನೆ ಮಾತನಾಡಿ ಒಳಕ್ಕೆ ಕರೆತರುವುದೇ ಪ್ರವೇಶದ ಕ್ರಮ. ಅಲ್ಲಿ ಓದುಬರಹಗಳನ್ನು ಕುದುರಿಸಿಕೊಂಡವರು ಅದಕ್ಕೂ ಮೇಲಿನ ನಡುಮೆಟ್ಟಲಿನ ಪಾಠಶಾಲೆಗೆ ಹೋಗುವರು. ಅಲ್ಲಿಂದ ಮುಂದೆ ಕಾಲೇಜಿನ ಹೊಸ್ತಿಲಿಗೆ ಕೊಂಡೊಯ್ಯುವ ಮೂರನೆಯ ಮೆಟ್ಟಲೊಂದು ಬೇಕಾಯಿತು. ಆ ಮೂರನೆಯ ಮೆಟ್ಟಲೇ ಹಾರ್ಲೆಮ್ ಪ್ರೆಪ್. ಈ ಕೆಲಸಕ್ಕೆ ಹಣವನ್ನು ಕೊಟ್ಟವರು ದೊಡ್ಡ ಬ್ಯಾಂಕುಗಳೂ ಕಂಪೆನಿಗಳೂ ಧರ್ಮನಿಧಿಗಳೂ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಈ ಸಂಗತಿಯ ಫಲ ಕಾಣಲಿದೆ.

ಶಾಲೆಯು 1967ರ ಅಕ್ಟೋಬರಿನಲ್ಲಿ ತೆರೆಯಿತು. ಸ್ವಂತ ಸೂರು ಇರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದಲ್ಲಿ ಕಾದಾಡಿ ಹೆಸರು ಪಡೆದ ಕಪ್ಪು ಸೈನಿಕರ 369ನೆಯ ದಳದ ಶಸ್ತ್ರಾಗಾರದಲ್ಲಿ ಪಾಠಗಳು ಮೊದಲಾದುವು. ಅಂದಿನ ವಿದ್ಯಾರ್ಥಿಗಳ ಸಂಖ್ಯೆ 49. ಹತ್ತು ಲಕ್ಷ ಮಕ್ಕಳ ನಗರದಲ್ಲಿ ನಾಲ್ವತ್ತೊಂಬತ್ತು ಮಂದಿ, ಸಮುದ್ರದಲ್ಲಿ ಸಾಸುವೆ. ಮರುವರ್ಷ, 1968ರಲ್ಲಿ, ಎಂಟನೆಯ ಅವೆನ್ಯೂ ನೂರಮೂವತ್ತಾರನೆಯ ಬೀದಿಯನ್ನು ಸಂಧಿಸುವಲ್ಲಿ ಮುಚ್ಚಿಹೋಗಿದ್ದ ದೊಡ್ಡ ದಿನಸಿ ಅಂಗಡಿಯೊಂದನ್ನು ಹಿಡಿದು ಶಾಲೆಯನ್ನಾಗಿ ಮಾರ್ಪಡಿಸಿದರು. ನ್ಯೂಯಾರ್ಕ್ ರಾಜ್ಯದ ವಿದ್ಯಾವ್ಯವಹಾರಗಳನ್ನು 1784ರಿಂದ ನೋಡಿಕೊಳ್ಳುತ್ತಿರುವ ರೀಜೆಂಟರ ಮಂಡಲಿಯು ಆ ವರ್ಷ ಅದಕ್ಕೆ ಸನ್ನದನ್ನು ದಯಪಾಲಿಸಿತು. ಹೀಗೆ ಅದು ಕಾನೂನಿನ ಕಣ್ಣಿಗೆ ಖಾಸಗಿ ಶಾಲೆ. ಆದರೆ ವಿದ್ಯಾರ್ಥಿಗಳಿಂದ ಕಾಸನ್ನೂ ತೆಗೆದುಕೊಳ್ಳದ ಖಾಸಗಿ ಶಾಲೆ. ಪ್ರೆಪ್ ಎಂಬ ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ಆ ದೇಶದಲ್ಲಿ ಪ್ರಿಪರೇಟರಿ ಶಾಲೆಯೆಂದರೆ ಹಣವಂತರ ಮಕ್ಕಳು ದುಬಾರಿ ಶುಲ್ಕವನ್ನು ತೆತ್ತು ದೊಡ್ಡ ಕಾಲೇಜುಗಳಿಗೆ ಅಣಿಯಾಗುವ ಸ್ಥಳ. ಬೀದಿಯಿಂದ ಕರೆತಂದವರ ಶಾಲೆಗೆ ಬೇಕೆಂದೇ ಅದೇ ಹೆಸರನ್ನಿಟ್ಟರು.

ಮುಖ್ಯೋಪಾಧ್ಯಾಯರಾಗಿ ಬಂದವರು ಎಡ್ವರ್ಡ್ ಕಾರ್ಪೆಂಟರ್. ಅವರ ಪತ್ನಿ ಆನ್ ಕಾರ್ಪೆಂಟರರು ಇಂಗ್ಲಿಷನ್ನು ಬೋಧಿಸಿದರು. ಮ್ಯಾನ್ಹಟನ್‌ವಿಲ್ ಎಂಬ ಕ್ಯಾಥೊಲಿಕ್ ಮೂಲದ ಕಾಲೇಜಿನಿಂದ ರೂತ್ ಡೌಡ್ ಎಂಬ ಸಂನ್ಯಾಸಿನಿಯವರು ಬಂದು ಆರಂಭದಿಂದಲೂ ಹೆಗಲು ಕೊಟ್ಟರು. ಅಂಗಡಿಯ ವಿಶಾಲವಾದ ನೆಲವನ್ನು ಗೋಡೆಗಳಿಂದ ಕೋಣೆಗಳಾಗಿ ಒಡೆಯಲಿಲ್ಲ. ಒಂದು ಮೂಲೆಯಲ್ಲಿ ಗಣಿತ, ಇನ್ನೊಂದು ಮೂಲೆಯಲ್ಲಿ ಆಫ್ರಿಕದ ಇತಿಹಾಸ, ಮತ್ತೊಂದೆಡೆ ಸಾಹಿತ್ಯ. ಒಂದು ಗುಂಪಿನ ಮಾತು ಇನ್ನೊಂದಕ್ಕೆ ಕೇಳಿಸುವಂತೆ ಎಲ್ಲವೂ ಒಂದೇ ಸೂರಿನಡಿಯಲ್ಲಿ ನಡೆದುವು. ನಮ್ಮ ಹಳ್ಳಿಯ ಐಗಳ ಮಠಗಳಲ್ಲಿ ಒಂದೇ ಪಡಸಾಲೆಯಲ್ಲಿ ಮಗ್ಗಿಯೂ ಅಮರವೂ ಕೂಡಿಯೇ ನಡೆಯುತ್ತಿದ್ದುದನ್ನು ಹಿರಿಯರಿಂದ ಕೇಳಿದವರಿಗೆ ಇದು ಅಷ್ಟು ವಿಚಿತ್ರವಾಗಿ ತೋರದು.

ಈಗ ಮುಖ್ಯವಾದ ಪ್ರಶ್ನೆ: ಬಂದವರು ಯಾರು? ಒಂದೇ ಮಾತಿನಲ್ಲಿ ಹೇಳುವುದಾದರೆ, ಬೇರೆ ಶಾಲೆಗಳ ಪಟ್ಟಿಗಳಿಂದ ಹೆಸರು ಹೊಡೆದುಹೋದವರು. ನ್ಯೂಯಾರ್ಕ್ ರಾಜ್ಯದಲ್ಲಿ ಹದಿನಾರು ವಯಸ್ಸಿನವರೆಗೆ ಮಗುವನ್ನು ಶಾಲೆಗೆ ಕಳುಹಿಸುವುದು ಕಡ್ಡಾಯ. ಇಪ್ಪತ್ತೊಂದನ್ನು ಮುಟ್ಟುವವರೆಗೆ ಸರ್ಕಾರದ ಶಾಲೆಯಲ್ಲಿ ಉಚಿತವಾಗಿ ಓದಲು ಹಕ್ಕುಂಟು. ಹದಿನಾರಕ್ಕೂ ಇಪ್ಪತ್ತೊಂದಕ್ಕೂ ನಡುವಣ ಈ ಐದು ವರ್ಷಗಳು ವಿಚಿತ್ರವಾದ ಕಾಲ. ಬರಲೇಬೇಕೆಂಬ ಬಲವಂತವೂ ಇಲ್ಲ, ಬಾರದಿದ್ದರೆ ಹುಡುಕುವವರೂ ಇಲ್ಲ. ಹಕ್ಕು ಮಾತ್ರ ಪುಸ್ತಕದಲ್ಲಿ ಮಲಗಿರುವುದು. ಹಾರ್ಲೆಮ್ ಪ್ರೆಪ್ ಈ ವಯಸ್ಸಿನವರನ್ನೇ ಮುಖ್ಯವಾಗಿ ಬರಮಾಡಿಕೊಂಡಿತು. ಆದರೆ ಇಪ್ಪತ್ತೊಂದು ತುಂಬಿತೆಂದು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ. ಹದಿಹರೆಯದವರ ಪಕ್ಕದಲ್ಲಿ ಮೀಸೆ ಬಲಿತವರು, ಮಕ್ಕಳ ತಾಯಂದಿರು, ದುಡಿದು ಸಂಸಾರ ನಡೆಸಿದವರು ಕುಳಿತರು. ಒಬ್ಬ ವಿದ್ಯಾರ್ಥಿಯ ವಯಸ್ಸು ಇನ್ನೊಬ್ಬ ಉಪಾಧ್ಯಾಯನ ವಯಸ್ಸಿಗಿಂತ ಹೆಚ್ಚಾಗಿರುವುದು ಅಂತಹ ಶಾಲೆಯಲ್ಲಿ ಅಸಂಭವವಲ್ಲ. ಗಂಟೆ ಬಾರಿಸಿ, ಸಾಲು ಕಟ್ಟಿಸಿ, ಬೆತ್ತವೆತ್ತಿ ನಡೆಸುವ ಶಿಸ್ತು ಇವರ ಮುಂದೆ ನಿಲ್ಲುವುದೆಂತು? ಶಾಲೆಯ ಶಿಸ್ತು ಸಡಿಲವಾಗಿತ್ತೆಂದು ಆಕ್ಷೇಪಿಸುವವರು ಮೊದಲು ಅಲ್ಲಿದ್ದವರ ವಯಸ್ಸನ್ನು ನೋಡಬೇಕು.

ಮೊದಮೊದಲು ಬೀದಿಯ ಪಾಠಶಾಲೆಗಳ ಮೂಲಕ ಬಂದವರೇ ಹೆಚ್ಚು. ಸುದ್ದಿ ಹಬ್ಬಿದಂತೆಲ್ಲ ನಗರದ ಇತರ ಭಾಗಗಳಿಂದಲೂ ತಾವಾಗಿಯೇ ಅರಸಿಕೊಂಡು ಬರತೊಡಗಿದರು. 49ಕ್ಕೆ ಆರಂಭವಾದ ಪಟ್ಟಿ ಕೆಲವೇ ವರ್ಷಗಳಲ್ಲಿ ನೂರುಗಳ ಲೆಕ್ಕಕ್ಕೆ ಏರಿತು. ಸ್ಥಳ ಸಾಲದೆ ಕಾದು ನಿಂತವರೂ ಬಹುಮಂದಿ. ಬಣ್ಣದ ಲೆಕ್ಕದಿಂದ ನೋಡಿದರೆ ಬಹುತೇಕ ಎಲ್ಲರೂ ಕಪ್ಪು ಜನರು, ಪೋರ್ಟೊರಿಕೊ ಮೂಲದವರು ಕೆಲವರು, ಬಿಳಿಯರು ಬೆರಳೆಣಿಕೆಯಷ್ಟು. ಜನಗಣತಿಯವರ ಕಣ್ಣಿಗೆ ಇದು ಒಂದೇ ಬಣ್ಣದ ಶಾಲೆಯಾಗಿ ಕಂಡೀತು. ಆದರೆ ಒಳಹೊಕ್ಕು ನೋಡಿದರೆ ಸಂತೆಯಂತಹ ವೈವಿಧ್ಯ. ಚರ್ಚಿನ ಭಕ್ತರ ಮಕ್ಕಳಿದ್ದರು. ಎಲೈಜಾ ಮಹಮ್ಮದನ ಅನುಯಾಯಿಗಳಾಗಿ, ಕೊರಳಿಗೆ ಚಿಕ್ಕ ಟೈ ಕಟ್ಟಿ ಶುಭ್ರವಾಗಿ ಬರುತ್ತಿದ್ದ ಮುಸಲ್ಮಾನ ತರುಣರಿದ್ದರು. ಆಫ್ರಿಕದ ಬಣ್ಣಬಣ್ಣದ ಅಂಗಿ ತೊಟ್ಟ ರಾಷ್ಟ್ರೀಯವಾದಿಗಳಿದ್ದರು. ಕ್ರಾಂತಿಯ ಮಾತನಾಡುವ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಡೆಯವರಿದ್ದರು. ಫೈವ್ ಪರ್ಸೆಂಟರ್ಸ್ ಎಂಬ, ಹಾರ್ಲೆಮ್ಮಿನಲ್ಲಿಯೇ 1964ರ ಸುಮಾರಿಗೆ ಹುಟ್ಟಿದ ಪಂಗಡದವರೂ ಇದ್ದರು. ಜನರಲ್ಲಿ ನೂರಕ್ಕೆ ಐವರು ಮಾತ್ರ ಸತ್ಯವನ್ನರಿತು ಅದನ್ನು ಬೋಧಿಸುವವರು, ಆ ಐವರು ನಾವು ಎಂಬುದು ಅವರ ನಂಬುಗೆ. ಶೇಕಡಾವಾರು ಲೆಕ್ಕಗಳಲ್ಲಿ ಸದಾ ಕೆಳಗಿನ ಸಾಲಿನಲ್ಲಿಯೇ ಬರೆಯಲ್ಪಟ್ಟ ಹುಡುಗರು ತಮಗೆ ತಾವೇ ಒಂದು ಶೇಕಡಾವಾರನ್ನು ಕಲ್ಪಿಸಿಕೊಂಡು ಮೇಲೆ ಕುಳಿತುದು ನನಗಂತೂ ಬಹಳ ರುಚಿಸಿದ ಸಂಗತಿ.

ಹೊರಗೆ ಬೀದಿಯಲ್ಲಿ ಒಬ್ಬರೊಡನೊಬ್ಬರು ವಾದಿಸಿ ಕೈಕೈ ಮಿಲಾಯಿಸಬಹುದಾಗಿದ್ದ ಈ ಪಂಗಡಗಳು ಒಂದೇ ನೆಲದ ಮೇಲೆ ಕುಳಿತು ಓದಿದುವು. ಏಕತೆಯನ್ನೂ ಸಹೋದರತ್ವವನ್ನೂ ಶಾಲೆಯು ತನ್ನ ಧ್ಯೇಯವಾಕ್ಯದಲ್ಲಿಯೇ ಸಾರಿತ್ತು. ಧ್ಯೇಯವಾಕ್ಯಗಳನ್ನು ನಾವು ಎಷ್ಟೋ ಶಾಲೆಗಳ ಬಾಗಿಲ ಮೇಲೆ ನೋಡಿರುವೆವು. ಅದರಿಂದ ಏನೂ ಆಗದು. ಇಲ್ಲಿ ಏಕತೆಯನ್ನುಂಟುಮಾಡಿದುದು ಬೇರೊಂದು ನಿಯಮವೆಂದು ನನ್ನ ಅಭಿಪ್ರಾಯ. ಆ ನಿಯಮವೇನೆಂದರೆ, ಯಾವ ವಿದ್ಯಾರ್ಥಿಯೂ ಕಾಲೇಜೊಂದರಲ್ಲಿ ಪ್ರವೇಶವನ್ನು ಸಂಪಾದಿಸಿಕೊಳ್ಳುವವರೆಗೆ ಶಾಲೆಯಿಂದ ಉತ್ತೀರ್ಣನೆನಿಸಿಕೊಳ್ಳಲಾರನು. ಇಷ್ಟು ವರ್ಷ, ಇಷ್ಟು ಪಾಠ, ಇಷ್ಟು ಅಂಕಗಳೆಂಬ ಗಡುವು ಮುಖ್ಯವಲ್ಲ. ಕಾಲೇಜಿನಿಂದ ಕಾಗದ ಬಂದ ದಿನವೇ ಮುಕ್ತಾಯ. ಒಬ್ಬನು ಆರು ತಿಂಗಳಲ್ಲಿ ಹೋಗಬಹುದು, ಇನ್ನೊಬ್ಬನು ಎರಡು ವರ್ಷ ಇರಬಹುದು. ಹೀಗಾದುದರಿಂದ ಉಪಾಧ್ಯಾಯರೂ ಶಿಷ್ಯರೂ ಎದುರುಬದುರಾಗಿ ನಿಲ್ಲದೆ ಒಂದೇ ಪಕ್ಷದವರಾಗಿ, ಪರೀಕ್ಷಕನಾದ ಮೂರನೆಯವನನ್ನು ಒಟ್ಟಿಗೆ ಎದುರಿಸಿದರು.

ಇಂತಹ ಶಾಲೆಯ ಸಂಖ್ಯೆಗಳನ್ನು ಓದುವಾಗ ಎಚ್ಚರಿಕೆ ಬೇಕು. ಸಾಧಾರಣವಾದ ಹೈಸ್ಕೂಲಿನಲ್ಲಿ ಜೂನ್ ತಿಂಗಳ ಪಟ್ಟಿಯನ್ನು ಸೆಪ್ಟೆಂಬರಿನ ಪಟ್ಟಿಯೊಡನೆ ಹೋಲಿಸಿ, ಇಷ್ಟು ಮಂದಿ ಉಳಿದರು, ಇಷ್ಟು ಮಂದಿ ಹೋದರು ಎಂದು ಹೇಳಬಹುದು. ಇಲ್ಲಿ ಬರುವವರು ವರ್ಷದ ನಡುವೆಯೂ ಬರುವರು, ಹೋಗುವವರು ಹೋಗಿ ಮತ್ತೆಯೂ ಬರುವರು. ಪಟ್ಟಿಯಿಂದ ಹೆಸರು ಮರೆಯಾದರೆ ಅದು ಸೋಲೂ ಆಗಿರಬಹುದು, ಕಾಲೇಜಿಗೆ ಹೋದ ಗೆಲುವೂ ಆಗಿರಬಹುದು. ಆದಕಾರಣ ಈ ಶಾಲೆಯನ್ನು ಅಳೆಯಲು ಉಪಯೋಗಿಸುವ ಕೋಲು ಒಂದೇ: 1967ರಿಂದ 1974ರವರೆಗೆ 750ಕ್ಕೂ ಹೆಚ್ಚು ಮಂದಿ ಇಲ್ಲಿಂದ ಕಾಲೇಜುಗಳಿಗೆ ಹೋದರು. ವರ್ಷಕ್ಕೆ ನೂರಕ್ಕೆ ಸ್ವಲ್ಪ ಮೇಲೆ. ದೊಡ್ಡ ಸಂಖ್ಯೆಯಲ್ಲವೆನ್ನುವಿರಾ? ಇವರಲ್ಲಿ ಬಹುಮಂದಿ ಶಾಲೆಯ ಅಧಿಕಾರಿಗಳ ಲೆಕ್ಕದಲ್ಲಿ ಆಗಲೇ ಖರ್ಚು ಬರೆದುಬಿಟ್ಟಿದ್ದ ಬಾಬುಗಳು. ಖರ್ಚಾಗಿ ಹೋದುದನ್ನು ಮತ್ತೆ ಜಮೆಗೆ ತಂದು ತೋರಿಸಿದ ಲೆಕ್ಕವಿದು.

ಪದವಿಪ್ರದಾನದ ಸಮಾರಂಭವನ್ನು ಅವರು ಮುಚ್ಚಿದ ಸಭಾಂಗಣದೊಳಗೆ ಮಾಡದೆ ನೂರಿಪ್ಪತ್ತೈದನೆಯ ಬೀದಿಯೂ ಏಳನೆಯ ಅವೆನ್ಯೂವೂ ಕೂಡುವ, ಥೆರೀಸಾ ಹೋಟೆಲಿನ ಮುಂದಣ ನಾಲ್ದಾರಿಯಲ್ಲಿ ಬಯಲಿನಲ್ಲಿ ನಡೆಸಿದರು. ಹಾರ್ಲೆಮ್ಮಿನ ಭಾಷಣಕಾರರೆಲ್ಲ ನಿಂತು ಮಾತನಾಡಿದ ಸ್ಥಳವದು. 1960ರಲ್ಲಿ ಕ್ಯೂಬದ ಫಿಡೆಲ್ ಕ್ಯಾಸ್ಟ್ರೊ ಬಂದಿಳಿದುದೂ ಆ ಹೋಟೆಲಿನಲ್ಲಿಯೇ. ಯಾರ ಮಕ್ಕಳು ಬೀದಿಪಾಲಾದರೆಂದು ಜನ ಮರುಗಿದ್ದರೋ ಆ ಮಕ್ಕಳು ಅದೇ ಬೀದಿಯಲ್ಲಿ ನಿಲುವಂಗಿ ತೊಟ್ಟು ನಡೆದುದನ್ನು ಅಂಗಡಿಯವರೂ ಹಾದಿಹೋಕರೂ ನಿಂತು ನೋಡಿದರು.

ಇತ್ತ ಗುಡ್ಡದ ಮೇಲಿನ ಸಿಟಿ ಕಾಲೇಜಿನಲ್ಲಿಯೂ ಎಣಿಕೆಯ ಪ್ರಶ್ನೆಯೇ ಏಳುತ್ತಿತ್ತು. 1969ರ ಏಪ್ರಿಲಿನಲ್ಲಿ ಅಲ್ಲಿಯ ಕಪ್ಪು ಮತ್ತು ಪೋರ್ಟೊರಿಕೊ ವಿದ್ಯಾರ್ಥಿಗಳು ಕಾಲೇಜಿನ ಒಂದು ಭಾಗವನ್ನು ವಶಪಡಿಸಿಕೊಂಡು ಐದು ಬೇಡಿಕೆಗಳನ್ನು ಮುಂದಿಟ್ಟರು. ನಗರದ ಹೈಸ್ಕೂಲುಗಳಲ್ಲಿ ನಮ್ಮವರು ಯಾವ ಪ್ರಮಾಣದಲ್ಲಿರುವರೋ ಅದೇ ಪ್ರಮಾಣದಲ್ಲಿ ಕಾಲೇಜಿನ ಹೊಸ ತರಗತಿಗಳಲ್ಲಿಯೂ ಇರಬೇಕು ಎಂಬುದು ಅವುಗಳಲ್ಲಿ ಒಂದು. ಇದರ ಪರಿಣಾಮವಾಗಿ ನಗರ ವಿಶ್ವವಿದ್ಯಾನಿಲಯವು 1970ರಿಂದ ನಗರದ ಹೈಸ್ಕೂಲನ್ನು ಮುಗಿಸಿದ ಎಲ್ಲರಿಗೂ ಒಂದಲ್ಲ ಒಂದು ಕಾಲೇಜಿನಲ್ಲಿ ಸ್ಥಳ ಕೊಡುವುದಾಗಿ ಘೋಷಿಸಿತು. ಒಂದೇ ವರ್ಷದಲ್ಲಿ ಹೊಸ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 20,000ದಿಂದ 35,000ಕ್ಕೆ ಏರಿತು. ಹಾರ್ಲೆಮ್ ಪ್ರೆಪ್ಪಿನ ತರುಣರ ಪಾಲಿಗೆ ಗುಡ್ಡದ ದಾರಿ ಆಗ ನಿಜವಾಗಿಯೂ ತೆರೆಯಿತು.

ಇದೇ ಕಾಲದಲ್ಲಿ ಇತರ ನಗರಗಳಲ್ಲಿಯೂ ಬದಲಿ ಪ್ರೌಢಶಾಲೆಗಳು ಹುಟ್ಟಿದುವು. ಫಿಲಡೆಲ್ಫಿಯದಲ್ಲಿ ಜಾನ್ ಬ್ರೆಮರರು 1969ರ ಫೆಬ್ರವರಿಯಲ್ಲಿ ನೂರನಾಲ್ವತ್ತು ಮಂದಿಯಷ್ಟು ವಿದ್ಯಾರ್ಥಿಗಳೊಡನೆ ಪಾರ್ಕ್‌ವೇ ಎಂಬ ಶಾಲೆಯನ್ನು ಆರಂಭಿಸಿದರು; ಅದಕ್ಕೆ ಕಟ್ಟಡವೇ ಇಲ್ಲ, ನಗರದ ವಸ್ತುಸಂಗ್ರಹಾಲಯಗಳೂ ಪುಸ್ತಕಭಂಡಾರಗಳೂ ಕಚೇರಿಗಳೂ ಅದರ ಕೋಣೆಗಳು. ಷಿಕಾಗೊ ನಗರದಲ್ಲಿ 1970ರ ಫೆಬ್ರವರಿಯಲ್ಲಿ ಮೆಟ್ರೊ ಹೈಸ್ಕೂಲು 150 ಮಂದಿಯೊಡನೆ ಅದೇ ಮಾದರಿಯಲ್ಲಿ ತೆರೆಯಿತು. ಇಪ್ಪತ್ತೊಂದು ವರ್ಷ ನಡೆದು 1991ರಲ್ಲಿ ಅದನ್ನು ಮುಚ್ಚಿಬಿಟ್ಟರು. ಈ ಎರಡರಲ್ಲಿಯೂ ವಿದ್ಯಾರ್ಥಿಗಳನ್ನು ಚೀಟಿ ಎತ್ತಿ ಆರಿಸಿದರು. ಫಿಲಡೆಲ್ಫಿಯದ ಎಂಟು ಶಾಲಾವಿಭಾಗಗಳಿಗೂ ಪಾಲು ಹಂಚಿ ಚೀಟಿ ಎತ್ತಿದುದರಿಂದ ಬಡಕೇರಿಯ ಮಗುವೂ ವಕೀಲನ ಮಗುವೂ ಅಲ್ಲಿ ಕೂಡಿದರು. ಇಡೀ ನಗರದ ಪ್ರತಿಬಿಂಬವೇ ತರಗತಿಯಲ್ಲಿ ಕಾಣಬೇಕೆಂಬುದು ಉದ್ದೇಶ. ಚೀಟಿಗೆ ಬಣ್ಣವಿಲ್ಲ, ಶಿಫಾರಸು ನಡೆಯದು. ನ್ಯಾಯವಾದ ಕ್ರಮವೆಂದೇ ಹೇಳಬೇಕು. ಆದರೆ ಅದರಲ್ಲಿ ಒಂದು ಕೊರತೆಯುಂಟು. ಚೀಟಿಯ ಬುಟ್ಟಿಯಲ್ಲಿ ಹೆಸರು ಬೀಳಬೇಕಾದರೆ ಯಾರಾದರೂ ಅರ್ಜಿಯನ್ನು ಬರೆದು ಹಾಕಿರಬೇಕು; ಅರ್ಜಿಯ ಸುದ್ದಿ ಮನೆಗೆ ಮುಟ್ಟಿರಬೇಕು. ಸುದ್ದಿಯೇ ಮುಟ್ಟದ ಮನೆಗಳ ಮಕ್ಕಳಿಗಾಗಿ ಹಾರ್ಲೆಮ್ಮಿನವರು ಬುಟ್ಟಿಯನ್ನು ಬಿಟ್ಟು ಬೀದಿಗಿಳಿದರು. ಅವರ ಶಾಲೆಯು ನಗರದ ಪ್ರತಿಬಿಂಬವಾಗಲಿಲ್ಲ. ನಗರವು ನೋಡಲೊಲ್ಲದ ಮುಖವನ್ನು ಅದು ತೋರಿಸಿತು. ಎರಡು ಕ್ರಮಗಳಲ್ಲಿ ನನಗೆ ಎರಡನೆಯದೇ ಹೆಚ್ಚು ಕಷ್ಟದ್ದಾಗಿಯೂ ಹೆಚ್ಚು ಅಗತ್ಯವಾದುದಾಗಿಯೂ ತೋರುವುದು.

ಕಷ್ಟವೆಂದೆನು. ಶುಲ್ಕವಿಲ್ಲದ ಶಾಲೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಹೆಚ್ಚಿದಂತೆಲ್ಲ ಆದಾಯ ಹೆಚ್ಚದು, ವೆಚ್ಚ ಮಾತ್ರ ಹೆಚ್ಚುವುದು. ವರ್ಷಕ್ಕೆ ಲಕ್ಷಗಟ್ಟಲೆ ಡಾಲರುಗಳು ಬೇಕಾದುವು. ಕಾರ್ನೆಗಿ, ಫೋರ್ಡ್ ಮೊದಲಾದ ಧರ್ಮನಿಧಿಗಳೂ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯೂ ಕೊಟ್ಟ ಹಣದಿಂದ ಗಾಡಿ ನಡೆಯಿತು. ಧರ್ಮನಿಧಿಗಳ ಪದ್ಧತಿಯೇನೆಂದರೆ, ಹೊಸ ಪ್ರಯೋಗವೊಂದಕ್ಕೆ ಬೀಜವನ್ನು ಕೊಟ್ಟು, ಬೆಳೆ ಬಂದ ಮೇಲೆ ನೀರು ಹಾಯಿಸುವ ಭಾರವನ್ನು ಸರ್ಕಾರ ಹೊರಲೆಂದು ಕೈತೊಳೆದುಕೊಳ್ಳುವುದು. 1960ರ ದಶಕದ ದೊಂಬಿಗಳ ಬೆಂಕಿ ಕಣ್ಣಮುಂದಿರುವವರೆಗೆ ಹಣದ ಥೈಲಿಗಳು ಸಡಿಲವಾಗಿದ್ದುವು; ಬೆಂಕಿ ಆರಿದಂತೆ ಅವುಗಳ ಬಾಯಿಯೂ ಬಿಗಿಯಿತು. ಅದರ ಮೇಲೆ 1973ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ಬಂದಿತು. ಕೊನೆಗೆ ಬೇರೆ ದಾರಿ ಕಾಣದೆ, 1974ರಲ್ಲಿ ಶಾಲೆಯನ್ನು ನ್ಯೂಯಾರ್ಕಿನ ವಿದ್ಯಾಮಂಡಲಿಗೆ ಒಪ್ಪಿಸಿದರು. ಯಾವ ವ್ಯವಸ್ಥೆಯಿಂದ ಹೊರಬಿದ್ದವರಿಗಾಗಿ ಶಾಲೆ ಹುಟ್ಟಿತೋ ಅದೇ ವ್ಯವಸ್ಥೆಯ ಮಡಿಲಿಗೆ ಅದು ಹೋಯಿತು.

ಒಪ್ಪಿಸಿದುದು ತಪ್ಪೆಂದು ಹೇಳಲು ನಾನು ಸಿದ್ಧನಲ್ಲ. ಬಾಗಿಲಿಗೆ ಬೀಗ ಹಾಕುವುದು ಅಥವಾ ಒಡೆಯನನ್ನು ಬದಲಾಯಿಸುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದವರ ಸಂಕಟವನ್ನು ನಾವು ದೂರದಿಂದ ನೋಡಿ ತೂಗಲಾಗದು. ಆದರೆ ಸರ್ಕಾರದ ಶಾಲೆಯೆಂದ ಮೇಲೆ ಸರ್ಕಾರದ ಕಟ್ಟಳೆಗಳು ಬರುವುವು. ಉಪಾಧ್ಯಾಯನಿಗೆ ಮಂಡಲಿಯ ಪರೀಕ್ಷೆ ಮುಗಿಸಿದ ಪರವಾನೆ ಬೇಕು. ವಿದ್ಯಾರ್ಥಿಗೆ ಇಪ್ಪತ್ತೊಂದರೊಳಗಿನ ವಯಸ್ಸು ಬೇಕು. ರಾಜ್ಯವು ಕೊಡುವ ದ್ರವ್ಯಸಹಾಯವು ದಿನದಿನದ ಹಾಜರಿಯನ್ನು ಅವಲಂಬಿಸಿದುದರಿಂದ, ಬಂದು ಹೋಗಿ ಮತ್ತೆ ಬರುವ ವಿದ್ಯಾರ್ಥಿಯು ಶಾಲೆಗೆ ನಷ್ಟದ ಬಾಬು. ಇವುಗಳಲ್ಲಿ ಒಂದೊಂದೂ ಬಿಡಿಯಾಗಿ ನೋಡಿದರೆ ಯುಕ್ತವಾದ ಕಟ್ಟಳೆಯೇ. ಮಕ್ಕಳ ಹಿತಕ್ಕಾಗಿ ಮಾಡಿದುದೇ. ಮೂರೂ ಒಟ್ಟಿಗೆ ಬಂದಾಗ, ಮೀಸೆ ಬಲಿತವರಿಗೂ ಮಕ್ಕಳ ತಾಯಂದಿರಿಗೂ ಬೀದಿಯಿಂದ ಬಂದ ಉಪಾಧ್ಯಾಯನಿಗೂ ಅಲ್ಲಿ ಸ್ಥಳವೆಲ್ಲಿ? ಹೆಸರೂ ಕಟ್ಟಡವೂ ಉಳಿದು ವಿದ್ಯಾರ್ಥಿವರ್ಗವೇ ಬೇರೆಯಾಗುವುದು ಹೀಗೆ. ಕಾರ್ಪೆಂಟರರ ಮುಖ್ಯೋಪಾಧ್ಯಾಯತ್ವವೂ ಈ ಬದಲಾವಣೆಯೊಡನೆ ಕೊನೆಗೊಂಡಿತು.

ಮರುವರ್ಷ, 1975ರಲ್ಲಿ, ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂದಿತು. ಸಾವಿರಾರು ಉಪಾಧ್ಯಾಯರನ್ನು ಕೆಲಸದಿಂದ ತೆಗೆದರು. 1976ರಲ್ಲಿ ನಗರ ವಿಶ್ವವಿದ್ಯಾನಿಲಯವು ಶತಮಾನಕ್ಕೂ ಮೀರಿ ನಡೆಸಿಕೊಂಡುಬಂದಿದ್ದ ಉಚಿತ ವಿದ್ಯೆಯನ್ನು ಕೈಬಿಟ್ಟು ಶುಲ್ಕವನ್ನು ಗೊತ್ತುಮಾಡಿತು. ದಿನಸಿ ಅಂಗಡಿಯಲ್ಲಿ ಹುಟ್ಟಿದ ಶಾಲೆಯು ಸರ್ಕಾರದ ಬದಲಿ ಹೈಸ್ಕೂಲುಗಳಲ್ಲಿ ಒಂದಾಗಿ ಇನ್ನೂ ಕೆಲವು ವರ್ಷ ನಡೆದು, 1980ರ ದಶಕದಲ್ಲಿ ಇಲ್ಲವಾಯಿತು. ಅದರ ಮುಂದಣ ಎಂಟನೆಯ ಅವೆನ್ಯೂವಿಗೆ ಅಷ್ಟರಲ್ಲಿ, 1977ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯಾದ ಫ್ರೆಡರಿಕ್ ಡಗ್ಲಸನ ಹೆಸರನ್ನಿಟ್ಟಿದ್ದರು; ಒಡೆಯನ ಮನೆಯಲ್ಲಿ ಅವನಿಗೆ ಅಕ್ಷರ ಕಲಿಸುವುದನ್ನು ನಿಷೇಧಿಸಿದಾಗ ಬೀದಿಯ ಹುಡುಗರಿಂದ ಓದು ಕಲಿತವನು ಅವನು. 2011ರಲ್ಲಿ ಪೂರ್ವ ಹಾರ್ಲೆಮ್ಮಿನ ಬೇರೊಂದು ಶಾಲೆಗೆ ಹೊಸ ಆಡಳಿತದವರು ಹಾರ್ಲೆಮ್ ಪ್ರೆಪ್ ಎಂದು ನಾಮಕರಣ ಮಾಡಿದರು. ಅದು ಚಿಕ್ಕ ಮಕ್ಕಳನ್ನು ಚೀಟಿ ಎತ್ತಿ ಸೇರಿಸಿಕೊಳ್ಳುವ ಶಾಲೆ. ಹಳೆಯದಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.